ಮೊದಲು ಹಾರ್ಮೋನಿಯಂ ಎಲ್ಲಿದೆ ನೋಡಿ, ಆಮೇಲೆ ಕುರ್ಚಿ ಹಿಡಿಯಿರಿ

ಪ್ರಶ್ನೆ: ನಾನು ದಾವಣಗೆರೆ ವಿದ್ಯಾನಗರದವಳು, ಬ್ಯಾಂಕಿನಲ್ಲಿ ಕೆಲಸ. 2023ರಲ್ಲಿ ಮಗಳ ಜೊತೆ ಮುಂಬೈಗೆ ಹೋದಾಗ ‘ದಿ ಸೌಂಡ್ ಆಫ್ ಮ್ಯೂಸಿಕ್’ ನಾಟಕ ನೋಡಿದೆ. ಅವತ್ತಿನಿಂದ ಹಾಡು ಇರುವ ನಾಟಕದ ಹುಚ್ಚು ಹಿಡಿದಿದೆ. ಪ್ರತಿ ಸಲ ಮುಂಬೈಗೆ ಓಡೋಕೆ ಆಗುತ್ತಾ? ನಮ್ಮ ಕಡೆ ಇಂಥದ್ದು ಏನು ನೋಡಬಹುದು? ಎಲ್ಲಿ ಕೂತರೆ ಒಳ್ಳೆಯದು, ದುಬಾರಿ ಸೀಟೇ ಒಳ್ಳೆ ಸೀಟಾ? ಯಾವ ಹಾಡುಗಳಿಂದ ಕೇಳೋಕೆ ಶುರು ಮಾಡಲಿ? ನಮ್ಮ ಮನೆಯವರು ‘ಕಂಪನಿ ನಾಟಕ ಅಂದ್ರೆ ಬರೀ ಡಬಲ್ ಮೀನಿಂಗು’ ಅಂತ ನಗುತ್ತಾರೆ, ನಿಜವಾ? ಕೊನೆಗೆ, ನಿಮಗೆ ಇಷ್ಟವಾದ ಒಂದೇ ಒಂದು ರಂಗಗೀತೆ ಯಾವುದು?

ಉತ್ತರ: ಮೇಡಂ, ಸೀಟಿನ ಪ್ರಶ್ನೆಯನ್ನೇ ಮೊದಲು ಹಿಡಿಯುತ್ತೇನೆ. ಎಲ್ಲರೂ ದುಡ್ಡು ಕಳೆದುಕೊಳ್ಳುವುದು ಅಲ್ಲೇ. ನಾನೂ ಕಳೆದುಕೊಂಡಿದ್ದೇನೆ.

ಒಂದು ದುಗ್ಗಮ್ಮನ ಜಾತ್ರೆಯ ವರ್ಷ ನಮ್ಮೂರಿಗೆ ನಾಟಕ ಕಂಪನಿಯೊಂದು ಬಂದು ತಗಡಿನ ಥಿಯೇಟರ್ ಹಾಕಿತ್ತು. ಮನೆಗೆ ಅತ್ತೆ ಬಂದಿದ್ದರು. ಅತ್ತೆಯ ಮುಂದೆ ಜುಗ್ಗ ಅನ್ನಿಸಿಕೊಳ್ಳಬಾರದು ಅಂತ ಮುಂದಿನ ಸಾಲಿನ ಸೋಫಾ ಟಿಕೆಟ್ಟೇ ತೆಗೆದೆ. ಹೋಗಿ ಕೂತರೆ, ಸೋಫಾದಿಂದ ನಾಲ್ಕು ಮಾರು ದೂರದಲ್ಲಿ ಆಳೆತ್ತರದ ಸ್ಪೀಕರ್ ಬಾಕ್ಸು. ನಾಂದಿ ಪದ್ಯ ಶುರುವಾದದ್ದೇ ತಡ, ಅತ್ತೆ ಸೆರಗಿನಿಂದ ಕಿವಿ ಮುಚ್ಚಿಕೊಂಡರು. ನಾಯಕಿ ಹಾಡುತ್ತಿದ್ದಾಳೆ, ಬಾಯಿ ಆಡುವುದು ಕಾಣುತ್ತಿದೆ, ಕಿವಿಗೆ ಬೀಳುತ್ತಿರುವುದು ಮಾತ್ರ ರಿದಮ್ ಪ್ಯಾಡಿನ ಧಬಧಬ. ಇಂಟರ್ವಲ್‌ನಲ್ಲಿ ಟೀ ಕುಡಿದು ಬರುವಾಗ ಸುಮ್ನೆ ಹಿಂದೆ ಗ್ಯಾಲರಿ ಪಕ್ಕ ನಿಂತೆ. ಅಲ್ಲಿ ಗಂಟಲು ಬೇರೆ, ಹಾರ್ಮೋನಿಯಂ ಬೇರೆ, ತಬಲ ಬೇರೆಯಾಗಿ ಬಿಡಿಬಿಡಿಯಾಗಿ ಕೇಳುತ್ತಿತ್ತು. ನಾನು ಕೊಟ್ಟ ದುಡ್ಡಿನ ಕಾಲುಭಾಗ ಕೊಟ್ಟವರು ನನಗಿಂತ ಚೆನ್ನಾಗಿ ನಾಟಕ ಕೇಳುತ್ತಿದ್ದರು. ಉಳಿದ ನಾಟಕವನ್ನು ಅಲ್ಲೇ ನಿಂತು ನೋಡಿದೆ. ಅತ್ತೆ ಸೋಫಾ ಬಿಡಲಿಲ್ಲ, ಅದು ಬೇರೆ ಮಾತು.

ಹಾಡಿರುವ ನಾಟಕಕ್ಕೆ ಹೋದರೆ ಕಣ್ಣಿಗೆ ಸೀಟು ಹುಡುಕಬೇಡಿ, ಕಿವಿಗೆ ಹುಡುಕಿ. ನಾನು ಹದಿನೈದು ವರ್ಷ ಹರಿಹರ, ಜಗಳೂರು, ಹೊಳಲ್ಕೆರೆ ಕಡೆಯ ಹಳ್ಳಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದವನು. ಹಾಗಾಗಿ ನನಗೆ ಪಕ್ಷಪಾತ ಇದೆ ಅಂತ ನೀವು ಅಂದರೆ ಒಪ್ಪಿಕೊಳ್ಳುತ್ತೇನೆ. ಆದರೆ ಒಳಗೆ ಕಾಲಿಟ್ಟ ತಕ್ಷಣ ನೀವು ನೋಡಬೇಕಾದ್ದು ಪರದೆಯನ್ನಲ್ಲ. ಹಾರ್ಮೋನಿಯಂ ಎಲ್ಲಿದೆ, ಸ್ಪೀಕರ್ ಬಾಕ್ಸು ಎಲ್ಲಿದೆ ಅನ್ನುವುದನ್ನ. ಮೊದಲನೆಯದಕ್ಕೆ ಹತ್ತಿರ, ಎರಡನೆಯದಕ್ಕೆ ದೂರ.

ಹಳೆ ಪದ್ಧತಿಯಲ್ಲಿ ಹಾರ್ಮೋನಿಯಂ ಮೇಷ್ಟ್ರು ಸ್ಟೇಜಿನ ಮುಂದೆ ಕೆಳಗೆ, ಜನರಿಗೆ ಬೆನ್ನು ಹಾಕಿ, ನಟರ ಕಡೆ ಮುಖ ಮಾಡಿ ಕೂರುತ್ತಾರೆ. ಪಕ್ಕದಲ್ಲಿ ತಬಲದವರು. ನಮ್ಮ ಕಡೆ ಹಳಬರ ಹತ್ತಿರ ಇರುತ್ತಿದ್ದದ್ದು ಲೆಗ್ ಹಾರ್ಮೋನಿಯಂ. ಕಾಲಲ್ಲಿ ಗಾಳಿ ತುಂಬುವುದು, ಆದ್ದರಿಂದ ಎರಡೂ ಕೈ ಸ್ವರದ ಮನೆಗಳ ಮೇಲೆ ಆಡುತ್ತವೆ. ನಟನ ಕಣ್ಣು ಮೇಷ್ಟ್ರ ಮೇಲೆ, ಮೇಷ್ಟ್ರ ಕಣ್ಣು ನಟನ ತುಟಿಯ ಮೇಲೆ. ನಟ ಶ್ರುತಿ ಬಿಟ್ಟು ಕೆಳಗೆ ಜಾರಿದರೆ ಮೇಷ್ಟ್ರು ಆ ಸ್ವರವನ್ನು ಸ್ವಲ್ಪ ಜೋರಾಗಿ ಒತ್ತಿ ತೋರಿಸುತ್ತಾರೆ. ಪದ ಮರೆತರೆ ಹಿಂದಿನ ಸಾಲನ್ನೇ ಇನ್ನೊಂದು ಸುತ್ತು ನುಡಿಸಿ ಸಮಯ ಕೊಡುತ್ತಾರೆ. ‘ಒನ್ಸ್ ಮೋರ್’ ಕೂಗು ಎದ್ದಾಗ ಮತ್ತೆ ಹಾಡಬೇಕೋ ಬೇಡವೋ ಅಂತ ನಟ ನೋಡುವುದು ಮೇಷ್ಟ್ರ ಕಡೆಗೇ. ಮೇಷ್ಟ್ರು ಗದ್ದ ಎತ್ತಿದರೆ ಹಾಡು, ತಲೆ ಬಗ್ಗಿಸಿದರೆ ಮುಂದಿನ ಮಾತು. ಹತ್ತಿರ ಕೂತರೆ ಈ ಇನ್ನೊಂದು ನಾಟಕವೂ ಕಾಣುತ್ತದೆ, ಅದೂ ಟಿಕೆಟ್ಟಿನ ಹಣದಲ್ಲೇ.

ತಗಡಿನ ಥಿಯೇಟರ್ ಆದರೆ ಐದರಿಂದ ಹತ್ತನೇ ಸಾಲು, ಹಾರ್ಮೋನಿಯಂ ಇರುವ ಪಕ್ಕ. ಜೋರು ಮಳೆ ಬರುವ ದಿನ ಬೇಡ. ತಗಡಿನ ಮೇಲೆ ಮಳೆ ಬಿದ್ದರೆ ಹಾಡೂ ಇಲ್ಲ, ಮಾತೂ ಇಲ್ಲ. ಹಳ್ಳಿ ನಾಟಕ ಆದರೆ ಚಾಪೆ ಹಿಡಿದುಕೊಂಡು ಬೇಗ ಹೋಗಿ. ಮೊದಲು ಜನರೇಟರ್ ಎಲ್ಲಿಟ್ಟಿದ್ದಾರೆ ನೋಡಿ, ಅದಕ್ಕೆ ಎದುರು ದಿಕ್ಕಿನಲ್ಲಿ ಹಾಸಿ. ಕುವೆಂಪು ಕನ್ನಡ ಭವನ ನಿಮ್ಮ ಬಡಾವಣೆಯಲ್ಲೇ ಇದೆ, ಅಲ್ವಾ? ಅಂಥ ಸಭಾಂಗಣಗಳಲ್ಲಿ ಹವ್ಯಾಸಿ ತಂಡದವರು ಮೇಳವನ್ನು, ಅಂದರೆ ಹಾಡುವ ನುಡಿಸುವ ಗುಂಪನ್ನು, ಸಾಮಾನ್ಯವಾಗಿ ಸ್ಟೇಜಿನ ಒಂದು ಮಗ್ಗುಲಿಗೆ ಕೂರಿಸುತ್ತಾರೆ. ಆಗ ಎದುರು ಮಗ್ಗುಲಿನ ಸೀಟು ಹಿಡಿಯಿರಿ. ಓರೆಯಾಗಿ ನೋಡಿದರೆ ನಟರೂ ಮೇಳದವರೂ ಒಂದೇ ನೋಟಕ್ಕೆ ಸಿಗುತ್ತಾರೆ. ಬಾಲ್ಕನಿ ಇರುವ ಕಡೆ ಅದರ ಅಡಿಗೆ, ತೀರಾ ಹಿಂದಿನ ಸಾಲುಗಳಿಗೆ ಹೋಗಬೇಡಿ. ಅಲ್ಲಿ ಹಾಡು ಕೊಡದೊಳಗಿಂದ ಬಂದ ಹಾಗೆ ಕೇಳುತ್ತದೆ.

ಮುಂಬೈಗೆ ಮತ್ತೆ ಹೋದರೆ? ನೀವು ಆ ನಾಟಕ ನೋಡಿದ್ದು ನೀತಾ ಮುಕೇಶ್ ಅಂಬಾನಿ ಸಾಂಸ್ಕೃತಿಕ ಕೇಂದ್ರದಲ್ಲಿ ಇರಬೇಕು. ಅಲ್ಲಿಯ ದೊಡ್ಡ ಥಿಯೇಟರ್‌ನಲ್ಲಿ 2,000 ಸೀಟು. 2025ರಲ್ಲಿ ‘ದಿ ಫ್ಯಾಂಟಮ್ ಆಫ್ ದಿ ಅಪೆರಾ’ ಕೂಡ ಅಲ್ಲಿಗೇ ಬಂದಿತ್ತು. ಅಂಥ ಕಡೆ ಎಲ್ಲರ ಮೈಮೇಲೂ ಮೈಕು, ಶಬ್ದವನ್ನು ಹಾಲಿನ ತುಂಬ ಸಮನಾಗಿ ಹಂಚಿರುತ್ತಾರೆ. ಹಾಗಾಗಿ ಅಲ್ಲಿ ಕಿವಿಯ ಚಿಂತೆ ಕಡಿಮೆ. ಗುಂಪು ಕುಣಿತ ಜಾಸ್ತಿ ಇರುವ ನಾಟಕಕ್ಕೆ ಬಾಲ್ಕನಿಯ ಮುಂದಿನ ಸಾಲೇ ಒಳ್ಳೆಯದು, ಮೇಲಿಂದ ಕುಣಿತದ ವಿನ್ಯಾಸ ರಂಗೋಲಿ ಹಾಗೆ ಕಾಣುತ್ತದೆ. ಫ್ಯಾಂಟಮ್‌ನಲ್ಲಿ ಮಾತ್ರ ಕೆಳಗೆ ಕೂರಬೇಕು. ಅದರಲ್ಲಿ ದೊಡ್ಡ ದೀಪದ ಗೊಂಚಲು ಮೇಲಿಂದ ಬೀಳುತ್ತದೆ. ನೆತ್ತಿಯ ಮೇಲೇ ಅದು ನೇತಾಡುತ್ತಿದ್ದರೆ ಅದರ ಮಜಾನೇ ಬೇರೆ.

ಇನ್ನು ಏನು ನೋಡುವುದು ಅನ್ನುವುದು. ನಾಟಕದ ಹೆಸರು ನೋಡಿ ಆಯ್ಕೆ ಮಾಡಬೇಡಿ. ಹಾಡುವವರು ಯಾರು, ನುಡಿಸುವವರು ಯಾರು ಅಂತ ಕೇಳಿ. ಫೋನ್ ಮಾಡಿ ಟಿಕೆಟ್ ವಿಚಾರಿಸುವಾಗ ಒಂದೇ ಒಂದು ಪ್ರಶ್ನೆ ಹಾಕಿ: ‘ಹಾಡು ಅಲ್ಲೇ ಹಾಡ್ತಾರಾ, ಟ್ರ್ಯಾಕ್ ಹಾಕ್ತಾರಾ?’ ಟ್ರ್ಯಾಕ್ ಅಂದರೆ ನಾನು ಹೋಗುವುದಿಲ್ಲ. ಮೊದಲೇ ಧ್ವನಿಮುದ್ರಣ ಮಾಡಿದ ಹಾಡಿಗೆ ನಟ ಬಾಯಿ ಆಡಿಸುವುದಾದರೆ ಸಿನಿಮಾ ಏನು ಕೆಟ್ಟದ್ದು?

ಹಳ್ಳಿ ನಾಟಕಕ್ಕಾದರೆ ಹ್ಯಾಂಡ್‌ಬಿಲ್ಲೇ ಎಲ್ಲ ಹೇಳುತ್ತದೆ. ನಮ್ಮ ಕಡೆಯ ಹ್ಯಾಂಡ್‌ಬಿಲ್ ನೋಡಿರುತ್ತೀರಿ. ಗುಲಾಬಿ ಇಲ್ಲವೇ ಹಳದಿ ಹಾಳೆ. ಮೇಲೆ ದೇವರ ಹೆಸರು, ಅದರ ಕೆಳಗೆ ‘ಝಗಝಗಿಸುವ ವಿದ್ಯುದ್ದೀಪಾಲಂಕೃತ ಭವ್ಯ ರಂಗಸಜ್ಜಿಕೆಯಲ್ಲಿ’. ಆಮೇಲೆ ಊರ ಗೌಡರಿಂದ ಹಿಡಿದು ಹಾಲಿನ ಡೇರಿ ಕಾರ್ಯದರ್ಶಿವರೆಗೆ ಎಲ್ಲರ ಫೋಟೋ. ಅದನ್ನೆಲ್ಲ ಬಿಟ್ಟು ಕೊನೆಯ ನಾಲ್ಕು ಸಾಲು ಓದಿ. ಅಲ್ಲಿ ಸಣ್ಣ ಅಕ್ಷರದಲ್ಲಿ ಹಾರ್ಮೋನಿಯಂ ಯಾರದು, ತಬಲ ಯಾರದು, ಸ್ತ್ರೀ ಪಾತ್ರಕ್ಕೆ ಯಾವ ಊರಿನ ಕಲಾವಿದೆಯರು ಬರುತ್ತಾರೆ ಅಂತ ಇರುತ್ತದೆ. ಎರಡು ಮೂರು ನಾಟಕ ನೋಡಿದ ಮೇಲೆ ನಿಮಗೇ ಹೆಸರುಗಳು ಪರಿಚಯವಾಗುತ್ತವೆ. ಆಮೇಲೆ ನೀವು ಊರು ನೋಡಿ ಹೋಗುವುದಿಲ್ಲ, ಮೇಷ್ಟ್ರನ್ನು ನೋಡಿ ಹೋಗುತ್ತೀರಿ.

ಹಳ್ಳಿಗಳಲ್ಲಿ ಬೇಸಿಗೆಯ ಜಾತ್ರೆ, ಹಬ್ಬದ ಕಾಲಕ್ಕೆ ‘ಕುರುಕ್ಷೇತ್ರ’, ‘ರಕ್ತರಾತ್ರಿ’, ‘ಶನಿಪ್ರಭಾವ’ ಹಾಕುತ್ತಾರೆ. ರಾತ್ರಿ ಒಂಬತ್ತೂವರೆಗೆ ಅಂತ ಬರೆದಿದ್ದರೆ ಹನ್ನೊಂದು ಅಂದುಕೊಳ್ಳಿ. ಮುಗಿಯುವುದು ಬೆಳಗಿನ ಜಾವ. ಪಾತ್ರ ಮಾಡುವವರು ಹಗಲೆಲ್ಲ ಅಡಿಕೆ ತೋಟದಲ್ಲೋ ಮೆಕ್ಕೆಜೋಳದ ಹೊಲದಲ್ಲೋ ಇರುವವರೇ. ಹಾಡು ಕೆಲವರದು ಒರಟು, ಕೆಲವರದು ಬೆರಗು. ಇಲ್ಲಿ ನೀವು ‘ಕಂದ’ ಅನ್ನುವ ನಾಲ್ಕು ಸಾಲಿನ ಪದ್ಯ ಕೇಳಬೇಕು. ದುರ್ಯೋಧನ ಬರುತ್ತಾನೆ, ಮಾತಾಡುತ್ತಾನೆ, ಸಿಟ್ಟು ಏರುತ್ತದೆ. ಮಾತು ಸಾಲದು ಅನ್ನಿಸಿದ ಜಾಗದಲ್ಲಿ ಕಂದ ಪದ್ಯ ಎತ್ತಿಕೊಳ್ಳುತ್ತಾನೆ. ಅದಕ್ಕೆ ತಾಳವಿಲ್ಲ, ತಬಲ ಸುಮ್ಮನಿರುತ್ತದೆ. ಹಾರ್ಮೋನಿಯಂ ಮಾತ್ರ ನೆರಳಿನ ಹಾಗೆ ಹಿಂದೆ ಹೋಗುತ್ತದೆ. ಕೊನೆಯ ಅಕ್ಷರವನ್ನು ಹಿಡಿದು ಮೇಲಕ್ಕೆ ಎಳೆಯುತ್ತಾನೆ, ಎಳೆಯುತ್ತಾನೆ, ಜನ ಉಸಿರು ಹಿಡಿದಿರುತ್ತಾರೆ. ಅವನು ಕೆಳಗಿಳಿದು ಷಡ್ಜಕ್ಕೆ ಬಂದು ನಿಂತ ಕೂಡಲೇ ತಬಲ ಬೀಳುತ್ತದೆ. ಶಿಳ್ಳೆ ಏಳುವುದು ಆಗ. ಯಾರೋ ಸ್ಟೇಜ್ ಹತ್ತಿ ಎದೆಗೆ ನೋಟು ಚುಚ್ಚುತ್ತಾರೆ. ನೋಟು ಚುಚ್ಚಿದವರ ಹೆಸರನ್ನು ಮೈಕಿನಲ್ಲಿ ಹೇಳಿ ಮುಗಿಯುವವರೆಗೆ ಕುರುಕ್ಷೇತ್ರ ಯುದ್ಧ ನಿಂತಿರುತ್ತದೆ. ಇದಕ್ಕೆ ಬೇಜಾರಾಗಬೇಡಿ. ಫ್ಲಾಸ್ಕಿನಲ್ಲಿ ಚಹಾ ಇರಲಿ.

ಕಂಪನಿ ನಾಟಕಕ್ಕೆ ಬಂದರೆ, ನಾವು ದಾವಣಗೆರೆಯವರು ಅದೃಷ್ಟವಂತರು. ಚಿಂದೋಡಿ ವೀರಪ್ಪನವರು ಕಟ್ಟಿದ ಕೆ.ಬಿ.ಆರ್. ಡ್ರಾಮಾ ಕಂಪನಿ ನಮ್ಮೂರಿನದು. ಅವರ ಮಗಳು ಚಿಂದೋಡಿ ಲೀಲಾ ನಟಿಯಾಗಿ ಕಂಪನಿಯನ್ನು ನಾಡಿಗೆಲ್ಲ ಪರಿಚಯಿಸಿದರು, ಪದ್ಮಶ್ರೀ ಪಡೆದರು. ಗದುಗಿನ ಪಂಚಾಕ್ಷರಿ ಗವಾಯಿಗಳ ಮೇಲೆ ಸಿನಿಮಾ ಮಾಡಿದ್ದೂ ಈ ಚಿಂದೋಡಿ ಮನೆತನದವರೇ. ಅದರ ಸಂಗೀತಕ್ಕೆ ಹಂಸಲೇಖ ಅವರಿಗೆ, ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ನಾಟಕ ಕಂಪನಿಯವರ ಕಿವಿ ಎಂಥದ್ದು ಅನ್ನುವುದಕ್ಕೆ ಇದೊಂದು ಸಾಕು. ವೃತ್ತಿ ರಂಗಭೂಮಿಗೇ, ಅಂದರೆ ಕಂಪನಿ ನಾಟಕಕ್ಕೇ, ಮೀಸಲಾದ ಸರ್ಕಾರಿ ನಾಟಕ ಸಂಸ್ಥೆ ರಂಗಾಯಣ ದಾವಣಗೆರೆಗೆ ಬಂದದ್ದೂ ಈ ಹಿನ್ನೆಲೆಯಿಂದಲೇ. ಅವರ ಕಾರ್ಯಕ್ರಮ ಯಾವಾಗ ಅಂತ ವಿಚಾರಿಸುತ್ತಿರಿ.

ನಮ್ಮೂರಿನ ಕಿವಿಗೆ ಇನ್ನೊಂದು ವಿಶೇಷ ಇದೆ. ಹರಿಹರದ ಹೊಳೆ ದಾಟಿದರೆ ರಾಣೆಬೆನ್ನೂರು. ಒಂದು ಕಾಲಕ್ಕೆ ಈ ದಡ ಮೈಸೂರು ಸಂಸ್ಥಾನ, ಆ ದಡ ಮುಂಬೈ ಪ್ರಾಂತ್ಯ. ಆ ಕಡೆ ಮರಾಠಿ ಸಂಗೀತ ನಾಟಕದ ಗಾಳಿ. ಅಣ್ಣಾಸಾಹೇಬ ಕಿರ್ಲೋಸ್ಕರ್ 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿ ಹೆಸರಾದರು. ಅವರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಇದನ್ನು ಎಷ್ಟೋ ಜನ ಮರೆತಿದ್ದಾರೆ. ಈ ಕಡೆ ಮೈಸೂರು ಅರಮನೆ, 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ಕರ್ನಾಟಕ ಸಂಗೀತದ ರಾಗಗಳು. ಹೊಳೆಯ ಆಚೆ ಅದೇ ಹಾರ್ಮೋನಿಯಂ ‘ಪೇಟಿ’, ಮೇಷ್ಟ್ರು ‘ಮಾಸ್ತರು’. ದಾವಣಗೆರೆಗೆ ಎರಡೂ ಕಡೆಯ ಕಂಪನಿಗಳು ಬರುತ್ತಿದ್ದವು. ಅದಕ್ಕೇ ನಮ್ಮ ಕಡೆಯ ಹಳೆ ಮೇಷ್ಟ್ರುಗಳು ಒಂದೇ ನಾಟಕದಲ್ಲಿ ಒಂದು ಹಾಡನ್ನು ಈ ಕಡೆಯ ಮೋಹನ ರಾಗದಲ್ಲಿ ಹಾಕಿ, ಇನ್ನೊಂದನ್ನು ಆ ಕಡೆಯ ಭೀಮಪಲಾಸ ರಾಗದಲ್ಲಿ ಹಾಕುತ್ತಿದ್ದರು. ಕಲಸುಮೇಲೋಗರ ಅಂತ ಪಂಡಿತರು ಬೈದಾರು. ನನಗಂತೂ ಖಾರ ಮಂಡಕ್ಕಿ ಜೊತೆ ಮಿರ್ಚಿ ಕಚ್ಚಿದಷ್ಟೇ ಸಹಜ.

ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ಅವರು ಹೇಳುವುದು ಪೂರ್ತಿ ಸುಳ್ಳಲ್ಲ. ಜಾತ್ರೆಯ ಕ್ಯಾಂಪಿನಲ್ಲಿ ದಿನಕ್ಕೆ ಮೂರ್ನಾಲ್ಕು ಆಟ ಆಡಬೇಕು, ಪಕ್ಕದಲ್ಲಿ ತೊಟ್ಟಿಲು, ಸರ್ಕಸ್, ಮೃತ್ಯುಕೂಪ. ಜನ ಎಳೆಯಬೇಕು ಅಂದರೆ ಹಾಸ್ಯದ ಸೀನು ಉದ್ದವಾಗುತ್ತದೆ, ಮಾತು ಜಾರುತ್ತದೆ. ಹಾಡಿನ ಜಾಗಕ್ಕೆ ಸಿನಿಮಾ ಹಾಡಿನ ಕುಣಿತ ಬರುತ್ತದೆ. ನನಗೂ ಅದು ಸೇರುವುದಿಲ್ಲ. ಆದರೆ ಅದೊಂದನ್ನೇ ನೋಡಿ ಕಂಪನಿ ನಾಟಕ ಅಂದರೆ ಇಷ್ಟೇ ಅನ್ನುವುದು, ಮದುವೆ ಮನೆಯ ಬ್ಯಾಂಡ್ ಕೇಳಿ ಸಂಗೀತ ಇಷ್ಟೇ ಅಂದ ಹಾಗೆ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ಹುಡುಗನಾಗಿದ್ದಾಗ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವರು. ಡಾ. ರಾಜ್‌ಕುಮಾರ್ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಏಣಗಿ ಬಾಳಪ್ಪನವರು ಬಸವಣ್ಣನ ಪಾತ್ರದಲ್ಲಿ ವಚನ ಹಾಡಲು ನಿಂತರೆ ಜನ ಕೈ ಮುಗಿಯುತ್ತಿದ್ದರಂತೆ. ಪಿ.ಬಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಮೊದಲು ಕಂಪನಿ ನಾಟಕ, 1974ರಲ್ಲಿ ಸಿನಿಮಾ. ಮನೆಯವರಿಗೆ ಆ ಸಿನಿಮಾ ಖಂಡಿತ ಇಷ್ಟ ಇರುತ್ತದೆ, ಕೇಳಿ ನೋಡಿ. ಒಂದು ಉಪಾಯ: ಜಾತ್ರೆ ಮುಗಿದ ಮೇಲೂ ಕ್ಯಾಂಪು ಉಳಿದಿದ್ದರೆ ಕೆಲಸದ ದಿನ ಸಂಜೆಯ ಆಟಕ್ಕೆ ಹೋಗಿ. ಮನೆಮಂದಿ ಜಾಸ್ತಿ ಬಂದಿರುತ್ತಾರೆ. ಜನ ನೋಡಿ ಮಾತಿಗೆ ಕಡಿವಾಣ ಹಾಕುವುದು ನಟರಿಗೆ ಚೆನ್ನಾಗಿ ಗೊತ್ತು.

ಅವರನ್ನು ಒಂದೇ ಸಲಕ್ಕೆ ಒಪ್ಪಿಸಬೇಕು ಅಂದರೆ ಸಾಣೇಹಳ್ಳಿಗೆ ಕರೆದುಕೊಂಡು ಹೋಗಿ. ಚಿತ್ರದುರ್ಗ ಜಿಲ್ಲೆ, ಹೊಸದುರ್ಗ ತಾಲ್ಲೂಕು. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಅಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದ್ದಾರೆ. ‘ಶಿವಸಂಚಾರ’ ಅನ್ನುವ ತಿರುಗಾಟದ ತಂಡ 1997ರಿಂದ ನಡೆಯುತ್ತಿದೆ. ಪ್ರತಿ ವರ್ಷ ಹೊಸ ನಾಟಕಗಳನ್ನು ಕಲಿತು ನಾಡೆಲ್ಲ ತಿರುಗುತ್ತಾರೆ. ನವೆಂಬರ್ ಶುರುವಿನ ಸುಮಾರಿಗೆ ನಾಟಕೋತ್ಸವ. ಅಲ್ಲಿಯ ಬಯಲು ರಂಗಮಂದಿರ ನೋಡಲೇಬೇಕಾದ್ದು, ಅರ್ಧ ವೃತ್ತದ ಮೆಟ್ಟಿಲುಗಳು, ಕೆಳಗೆ ರಂಗ. ನಡುವಿನ ಮೆಟ್ಟಿಲು ಹಿಡಿಯಿರಿ. ಸಂಜೆ ಕೂತಾಗ ಕಲ್ಲು ಬಿಸಿ ಇರುತ್ತದೆ, ಎಂಟು ಗಂಟೆಗೆ ಅದೇ ಕಲ್ಲು ಕೊರೆಯುತ್ತದೆ. ಶಾಲು ಒಂದು, ಕೂರೋಕೆ ದಪ್ಪ ಟವೆಲ್ ಒಂದು. ಸ್ವಂತ ಗಾಡಿಯಲ್ಲೇ ಹೋಗಿ. ಮಠದ ನಾಟಕ ಅಂದರೆ ಬರೀ ಉಪದೇಶ ಅಂತ ಅಂದುಕೊಳ್ಳಬೇಡಿ. ಹಾಡುವ ಹುಡುಗ ಹುಡುಗಿಯರು ವರ್ಷವಿಡೀ ಒಟ್ಟಿಗೆ ಹಾಡಿ ಹಾಡಿ ಗುಂಪು ಗಾಯನದಲ್ಲಿ ಒಂದೇ ಗಂಟಲಾಗಿರುತ್ತಾರೆ. ನೀವು ಮುಂಬೈಯಲ್ಲಿ ಕೇಳಿದ ಕೋರಸ್ಸಿಗೆ ಹತ್ತಿರದ ಅನುಭವ ನಮ್ಮ ಸುತ್ತಮುತ್ತ ಎಲ್ಲಾದರೂ ಇದ್ದರೆ ಅದು ಇದೇ.

ದೊಡ್ಡಾಟವನ್ನೂ ಬಿಡಬೇಡಿ. ಚಿತ್ರದುರ್ಗ, ಬಳ್ಳಾರಿ ಸೀಮೆಯಲ್ಲಿ ಬಯಲಾಟ ಅಂತಲೂ ಅನ್ನುತ್ತಾರೆ. ಅಟ್ಟ ಕಟ್ಟಿ ಅದರ ಮೇಲೆ ಆಡುವುದು. ಭಾಗವತರು ಹಾಡುತ್ತಾರೆ, ಮದ್ದಳೆಗೆ ಪಾತ್ರಧಾರಿ ಕುಣಿಯುತ್ತಾನೆ, ಹಲಗೆ ಧಡಧಡ ಅನ್ನುತ್ತದೆ. ಅಟ್ಟಕ್ಕೆ ಹತ್ತಿರ ಕೂತರೆ ಕಾಲಿನ ಶಬ್ದವೇ ಜಾಸ್ತಿ. ಸ್ವಲ್ಪ ಹಿಂದೆ ಸರಿಯಿರಿ.

ಹವ್ಯಾಸಿ ತಂಡಗಳ ನಾಟಕಗಳಲ್ಲಿ ನನ್ನ ಪಟ್ಟಿ ಚಿಕ್ಕದು. ಕಂಬಾರರ ‘ಜೋಕುಮಾರಸ್ವಾಮಿ’, ಕಾರ್ನಾಡರ ‘ಹಯವದನ’, ಜಿ.ಬಿ. ಜೋಶಿಯವರ ‘ಸತ್ತವರ ನೆರಳು’. ಯಾವ ಊರಲ್ಲಿ ಯಾವ ತಂಡ ಹಾಕಿದರೂ ಹೋಗಿ. ಮೂರರ ಹಾಡುಗಳ ಹಿಂದೆಯೂ ನಾಟಕ ನಿರ್ದೇಶಕ, ಸಂಗೀತಗಾರ ಬಿ.ವಿ. ಕಾರಂತರ ಕೈ ಇದೆ. ಕಾರಂತರು ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿ ಅಲ್ಲಿ ಕಿವಿ ಪಳಗಿಸಿಕೊಂಡವರು. ಬೇರೆ ತಂಡಗಳು ಆಡುವಾಗಲೂ ಅವರ ಧಾಟಿಗಳನ್ನೇ ಹಾಡುವುದು ಜಾಸ್ತಿ. ಉದ್ದಕ್ಕೆ ಹೆದರದವರಾದರೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮತ್ತೆ ಯಾವಾಗ ಆಡುತ್ತಾರೆ ಅಂತ ಕಾಯುತ್ತಿರಿ. 2010ರಲ್ಲಿ ಮೈಸೂರು ರಂಗಾಯಣದವರು ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ ಶುರು ಮಾಡಿದ್ದು, ಇಡೀ ರಾತ್ರಿಯ ನಾಟಕ, ಸಂಗೀತ ಹಂಸಲೇಖ ಅವರದು. ಅದರಲ್ಲಿ ಸೀಟಿನ ಚಿಂತೆಯೇ ಇಲ್ಲ. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ನೀವೇ ಎದ್ದು ನಡೆಯಬೇಕು. ಚಪ್ಪಲಿ ಒಳ್ಳೆಯದಿರಲಿ, ಅಷ್ಟೇ.

ಹಾಡು ಕೇಳುವುದು ಹೇಗೆ ಶುರು ಮಾಡಬೇಕು? ಇಲ್ಲಿ ನಿಮ್ಮ ಸೌಂಡ್ ಆಫ್ ಮ್ಯೂಸಿಕ್‌ನಿಂದಲೇ ಒಂದು ಮಾತು. ಅದರಲ್ಲಿ ಸನ್ಯಾಸಿನಿಯಾಗಲು ಮಠ ಸೇರಿ, ಆಮೇಲೆ ಒಂದು ಮನೆಯ ಮಕ್ಕಳನ್ನು ನೋಡಿಕೊಳ್ಳಲು ಹೋಗುವ ಮರಿಯಾ ತನಗಿಷ್ಟವಾದ ವಸ್ತುಗಳನ್ನೆಲ್ಲ ಎಣಿಸುತ್ತಾ ಹಾಡುವ ಹಾಡಿದೆ. 1965ರ ಸಿನಿಮಾದಲ್ಲಿ ಅದು ಬರುವುದು ಗುಡುಗು ಸಿಡಿಲಿನ ರಾತ್ರಿ, ಹೆದರಿದ ಮಕ್ಕಳನ್ನು ಸಮಾಧಾನ ಮಾಡುವಾಗ. 1959ರ ಮೂಲ ನಾಟಕದಲ್ಲಿ ಅದೇ ಹಾಡನ್ನು ಮರಿಯಾ ಮಠದೊಳಗೆ ಹಿರಿಯ ಸನ್ಯಾಸಿನಿಯ ಜೊತೆ ಹಾಡುತ್ತಾಳೆ, ಮಕ್ಕಳನ್ನು ಇನ್ನೂ ನೋಡಿಯೇ ಇಲ್ಲ. ಧಾಟಿ ಅದೇ, ಪದ ಅದೇ, ಜಾಗ ಬೇರೆ. ಮಠದಲ್ಲಿ ಅದು ಮಠ ಬಿಟ್ಟು ಹೋಗಬೇಕಾದ ಹುಡುಗಿಯ ಹಾಡು. ಮಳೆ ರಾತ್ರಿಯಲ್ಲಿ ತಾಯಿಯ ಹಾಡು. ರಂಗಗೀತೆ ಅಂದರೆ ಹೀಗೆ. ಅದನ್ನು ನಾಟಕದಿಂದ ಕಿತ್ತು ಫೋನಿನಲ್ಲಿ ಕೇಳಿದರೆ ಅರ್ಧ ಮಾತ್ರ ಸಿಗುತ್ತದೆ.

ಹಾಗಾಗಿ ಮೊದಲು ಆ ಸೀನಿನ ಕಥೆ ತಿಳಿದುಕೊಳ್ಳಿ, ಆಮೇಲೆ ಹಾಡು ಕೇಳಿ. ‘ಸತ್ತವರ ನೆರಳು’ ನಾಟಕದಲ್ಲಿ ಕಾರಂತರು ಪುರಂದರದಾಸರ ಪದಗಳನ್ನು ಬಳಸಿಕೊಂಡಿದ್ದಾರೆ. ಮನೆಯಲ್ಲಿ ಭಜನೆಗೆ ಹಾಡುವ ಪದಗಳೇ. ಆದರೆ ನಾಟಕ ಮಠದೊಳಗಿನ ರಾಜಕೀಯದ್ದು. ಅಲ್ಲಿ ಅದೇ ದಾಸರ ಪದ ಚಾಟಿ ಬೀಸಿದ ಹಾಗೆ ಕೇಳುತ್ತದೆ. ನನಗೆ ಗೊತ್ತಿರುವ ಅಜ್ಜಿಯೊಬ್ಬರು ಭಕ್ತಿಯಿಂದ ಕೈ ಮುಗಿದು ಕೂತವರು, ಎರಡನೇ ಪದಕ್ಕೆ ಸೆರಗು ಬಾಯಿಗಿಟ್ಟು ನಗಲು ಶುರು ಮಾಡಿದರು. ಅಲ್ಲಿಂದ ಶುರು ಮಾಡಿ. ಆಮೇಲೆ ಬಿ. ಜಯಶ್ರೀ. ರಂಗನಟಿ, ಗುಬ್ಬಿ ಕಂಪನಿಯ ವೀರಣ್ಣನವರ ಮೊಮ್ಮಗಳು, ಆ ಗಂಟಲಿಗೆ ಮೈಕು ಬೇಕಿಲ್ಲ. ಆಮೇಲೆ ಆರ್. ಪರಮಶಿವನ್ ಹಾಡಿದ 
ಹಳೆ ಮೈಸೂರು ಶೈಲಿಯ ಗೀತೆಗಳು. ಒಂದೊಂದು ಸ್ವರ ಎಲ್ಲಿ ನಿಂತು ಎಲ್ಲಿ ಜಿಗಿಯುತ್ತದೆ ಅಂತ ಗಮನಿಸಿ, ಕಂಪನಿಯ ವ್ಯಾಕರಣ ಅರ್ಥವಾಗುತ್ತದೆ. ಕೊನೆಗೆ ಬಳ್ಳಾರಿಯ ರಂಗನಟಿ, ಗಾಯಕಿ ಸುಭದ್ರಮ್ಮ ಮನ್ಸೂರು. ಇವರನ್ನು ಮೊದಲೇ ಕೇಳಬೇಡಿ. ಕೇಳಿದರೆ ಉಳಿದವರು ಸಪ್ಪೆ ಅನ್ನಿಸಿಬಿಡುತ್ತಾರೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯಲ್ಲಿ ದ್ರೌಪದಿಯ ಶೋಕ. ಯುದ್ಧ ಮುಗಿದ ರಾತ್ರಿ ಅಶ್ವತ್ಥಾಮ ಬಂದು ಮಲಗಿದ್ದ ಮಕ್ಕಳನ್ನು ಕೊಂದಿದ್ದಾನೆ. ಸುಭದ್ರಮ್ಮನವರ ದ್ರೌಪದಿ ಹೆಸರುವಾಸಿ. ಆದರೆ ನನ್ನ ಮನಸ್ಸಿನಲ್ಲಿ ಉಳಿದ ದ್ರೌಪದಿ ಬೇರೆಯವಳು.

ಜಗಳೂರು ಕಡೆಯ ಒಂದು ಹಳ್ಳಿ. ನಾನೇ ಹಾರ್ಮೋನಿಯಂ. ಬೆಳಗಿನ ಜಾವ ನಾಲ್ಕರ ಹತ್ತಿರ. ಮುಂದೆ ಕೂತಿದ್ದ ಮಕ್ಕಳೆಲ್ಲ ಚಾಪೆಯ ಮೇಲೆ ಸಾಲಾಗಿ ಮಲಗಿದ್ದಾರೆ, ಸ್ಟೇಜಿನ ಮೇಲೂ ಐದು ಮಕ್ಕಳು ಮಲಗಿದ್ದಾರೆ. ದ್ರೌಪದಿ ಪಾತ್ರಕ್ಕೆ ಬಂದಿದ್ದಾಕೆ ಎರಡು ದಿನದಿಂದ ನಿದ್ದೆಯಿಲ್ಲದೆ ಎರಡು ಊರು ಆಡಿ ಬಂದಿದ್ದರು. ಮೊದಲ ಅಂಕದಲ್ಲಿ ಗಂಟಲು ಒಡೆಯುತ್ತಿತ್ತು, ನಾನು ಶ್ರುತಿ ಒಂದು ಮನೆ ಇಳಿಸಿ ಕೊಟ್ಟಿದ್ದೆ. ಶೋಕದ ಪದ್ಯದ ಮೊದಲ ಸಾಲು ಮುಗಿಯಿತು ನೋಡಿ, ಕರೆಂಟ್ ಹೋಯಿತು. ಜನರೇಟರ್ ಹುಡುಗ ಎಲ್ಲೋ ಮಲಗಿದ್ದ. ಮೈಕು ಸತ್ತಿತು. ಕತ್ತಲು. ಯಾರೋ ಬ್ಯಾಟರಿ ಬಿಟ್ಟರು.

ಆಕೆ ನಿಲ್ಲಿಸಲಿಲ್ಲ. ನಾನು ಹಾರ್ಮೋನಿಯಂ ತಗ್ಗಿಸಿದೆ, ಆಮೇಲೆ ಕೈಯನ್ನೇ ತೆಗೆದೆ. ಗಾಳಿ ಕೂಡ ತುಂಬಲಿಲ್ಲ. ಒಡೆದ ಗಂಟಲಿನಲ್ಲೇ ಆಕೆ ಮೇಲಿನ ಷಡ್ಜಕ್ಕೆ ಹೋದರು. ನನ್ನ ಹಿಂದೆ ಚಾಪೆಗಳ ಮೇಲೆ ಜನ ಒಬ್ಬೊಬ್ಬರೇ ಎದ್ದು ಕೂರುವ ಸದ್ದು. ತೀರಾ ಹಿಂದೆ ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಕೂತಿದ್ದ ಹೆಂಗಸರ ಕಡೆಯಿಂದ ಮೂಗು ಎಳೆಯುವ ಸದ್ದು ನನಗೆ ಕೇಳುತ್ತಿತ್ತು. ಅಷ್ಟು ನಿಶ್ಶಬ್ದ.

ಎರಡು ನಿಮಿಷಕ್ಕೆ ಜನರೇಟರ್ ಗುರ್ ಅಂದಿತು, ಟ್ಯೂಬ್‌ಲೈಟ್ ಮಿಣಮಿಣ ಅಂದವು. ಮೈಕಿನ ಹುಡುಗ ಓಡಿ ಬಂದು ಸ್ವಿಚ್ಚಿಗೆ ಕೈ ಹಾಕಿದ. ಹಿಂದಿನಿಂದ ಒಬ್ಬ ಯಜಮಾನರು ಕೂಗಿದರು: ‘ಏಯ್, ಮೈಕು ಬ್ಯಾಡ, ಮುಟ್ಟಬ್ಯಾಡ!’